ಒಂದು ಅಗುಳಿನ ಲೆಕ್ಕ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು. ಪಾತ್ರೆ ಒಂದೇ, ನೀರು ಒಂದೇ, ಉರಿ ಒಂದೇ. ಹಾಗಾಗಿ ಆ ಪರೀಕ್ಷೆ ನಡೆಯುತ್ತದೆ. ದೊಡ್ಡ ಸಂಸ್ಥೆಯ ಸಾಫ್ಟ್‌ವೇರ್ ವ್ಯವಸ್ಥೆಯಲ್ಲಿ ನೂರು ಒಲೆಗಳಿರುತ್ತವೆ; ಕೆಲವು ಕುದಿಯುತ್ತಿರುತ್ತವೆ, ಕೆಲವು ಆರಿ ವರ್ಷಗಳಾಗಿರುತ್ತವೆ. ಆದರೂ ಯಾವುದನ್ನು ಉಳಿಸಬೇಕು, ಯಾವುದನ್ನು ಒಡೆದು ಕಟ್ಟಬೇಕು ಎಂಬುದನ್ನು ಡ್ಯಾಶ್‌ಬೋರ್ಡಿನ ಕೆಂಪು-ಹಸಿರೇ ಹೇಳಿಬಿಡಲಿ ಎಂಬ ಆಸೆ ನಮ್ಮ ಸಭೆಗಳಲ್ಲಿ ಬೆಳೆಯುತ್ತಿದೆ.

ಆಸೆಗೆ ಕಾರಣವಿಲ್ಲದಿಲ್ಲ. ಅಂಕಿಗಳಿಲ್ಲದ ಕಾಲದಲ್ಲಿ ಗೆಲ್ಲುತ್ತಿದ್ದುದು ಹಿರಿಯ ಆರ್ಕಿಟೆಕ್ಟ್‌ನ ದನಿ. ಅವರು ಕಟ್ಟಿದ್ದನ್ನು ಮುಟ್ಟುವಂತಿರಲಿಲ್ಲ. ಕಿರಿಯನೊಬ್ಬ ಎದ್ದು, "ಸಾರ್, ತಿಂಗಳಲ್ಲಿ ಐದು ಸಲ ಕೆಟ್ಟದ್ದು ಇದೊಂದೇ" ಎಂದು ತೋರಿಸಲು ಅಂಕಿ ಬೇಕೇ ಬೇಕು.

ಆದರೆ ಅಳತೆಯೇ ಗುರಿಯಾದಾಗ ಜನ ಅಳತೆಗೆ ತಕ್ಕಂತೆ ಕುಣಿಯುತ್ತಾರೆ. ಕೋಡಿನೊಳಗೆ ಎಷ್ಟು ಕವಲುದಾರಿಗಳಿವೆ ಎಂದು ಎಣಿಸುವ ಕ್ರಮವನ್ನು ಥಾಮಸ್ ಮೆಕೇಬ್ 1976ರಲ್ಲಿ ಕೊಟ್ಟರು. 10ರ ಮಿತಿಯನ್ನೂ ಸೂಚಿಸಿದರು. ಇಂದು 30 ಬಂದ ಫಂಕ್ಷನ್ನನ್ನು ಐದಾಗಿ ಹರಿದು ಐದು ಫೈಲುಗಳಿಗೆ ಹಂಚಿದರೆ ಪರದೆ ಹಸಿರಾಗುತ್ತದೆ. ಗಂಟು ಬಿಚ್ಚಿಲ್ಲ, ಎಣಿಸುವವನ ಕಣ್ಣಿಗೆ ಬೀಳದ ಜಾಗಕ್ಕೆ ಸರಿದಿದೆ.

ಇದಕ್ಕಿಂತ ನನ್ನನ್ನು ಕಾಡುವುದು ಆರಿದ ಒಲೆಗಳು. ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್, 2003ರಲ್ಲೇ ಬಳಸುವುದನ್ನು ಬಿಟ್ಟಿದ್ದ 'ಪವರ್ ಪೆಗ್' ಎಂಬ ಕೋಡನ್ನು ತೆಗೆಯದೆ ಹಾಗೇ ಇಟ್ಟುಕೊಂಡಿತ್ತು. 2012ರಲ್ಲಿ ಹೊಸ ಕೋಡು ಬರೆದಾಗ, ಹಳೆಯದನ್ನು ಎಬ್ಬಿಸುತ್ತಿದ್ದ ಗುರುತನ್ನೇ ಹೊಸದಕ್ಕೂ ಬಳಸಿದರು. ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಹೊಸ ಕೋಡು ಹೋಯಿತು, ಒಂದು ಉಳಿದುಹೋಯಿತು. ಆಗಸ್ಟ್ 1ರ ಬೆಳಿಗ್ಗೆ ಆ ಒಂದರಲ್ಲಿ ಪವರ್ ಪೆಗ್ ಎದ್ದು ಕೂತು, ನಿಲ್ಲದೆ ಆರ್ಡರ್ ಕಳಿಸಿತು. 45 ನಿಮಿಷದಲ್ಲಿ ಆದ ನಷ್ಟ 46 ಕೋಟಿ ಡಾಲರ್‌ಗೂ ಹೆಚ್ಚು.

ಹೆಚ್ಚು ಬದಲಾಗುವ ಕೋಡೇ ಹೆಚ್ಚು ಅಪಾಯಕಾರಿ ಎಂದು ಎಣಿಸುವ ಅಳತೆಗೆ ಪವರ್ ಪೆಗ್ ಸಾಧು ಪ್ರಾಣಿಯಂತೆ ಕಂಡೀತು. ಯಂತ್ರ ಸುಮ್ಮನಿತ್ತೆಂದಲ್ಲ: ಮಾರುಕಟ್ಟೆ ತೆರೆಯುವ ಮುನ್ನವೇ ದೋಷದ ಹೆಸರು ಹೊತ್ತ 97 ಇಮೇಲ್‌ಗಳು ತಾವಾಗಿ ಹೊರಟಿದ್ದವು. ಅವನ್ನು ಎಚ್ಚರಿಕೆ ಎಂದು ಓದುವ ಏರ್ಪಾಡೇ ಇರಲಿಲ್ಲ.

ಎಂಟೂ ಸರ್ವರ್‌ಗಳಲ್ಲಿ ಒಂದೇ ಆವೃತ್ತಿ ಇದೆಯೇ ಎಂದು ನೋಡುವ ನಾಲ್ಕು ಸಾಲಿನ ತಪಾಸಣೆ ಅಂದು ಸಾಕಿತ್ತು. ಸ್ವಯಂಚಾಲಿತ ಅಳತೆಯ ನಿಜವಾದ ಜಾಗ ಅದು ಎಂದು ನನಗನಿಸುತ್ತದೆ: ಮನುಷ್ಯರು ಕೂತು ತೀರ್ಮಾನಿಸಿದ್ದನ್ನು ಪ್ರತಿದಿನ ಕಾಯುವುದು. ಬಿಲ್ಲಿಂಗ್ ವಿಭಾಗ ಗ್ರಾಹಕರ ಡೇಟಾಬೇಸನ್ನು ನೇರವಾಗಿ ಮುಟ್ಟಕೂಡದು ಎಂದು ನಾವು ನಿಯಮ ಮಾಡಿದರೆ, ಪ್ರತಿ ಬಿಲ್ಡ್‌ನಲ್ಲೂ ಯಂತ್ರ ಅದನ್ನು ಬೇಸರವಿಲ್ಲದೆ ಪರೀಕ್ಷಿಸೀತು. ನೀಲ್ ಫೋರ್ಡ್, ರೆಬೆಕಾ ಪಾರ್ಸನ್ಸ್, ಪ್ಯಾಟ್ರಿಕ್ ಕುವಾ 2017ರ ತಮ್ಮ ಪುಸ್ತಕದಲ್ಲಿ ಇಂಥವನ್ನು 'ಫಿಟ್‌ನೆಸ್ ಫಂಕ್ಷನ್' ಎಂದು ಕರೆದರು. ಬಿಲ್ಲಿಂಗನ್ನೇ ಹೊರಗಿನವರಿಗೆ ವಹಿಸಬೇಕೆ, ಆ ನಿಯಮ ಇನ್ನೂ ಬೇಕೆ ಎಂಬುದು ವ್ಯಾಪಾರದ ಪ್ರಶ್ನೆ; ಕೋಡಿನಲ್ಲಿ ಅದರ ಉತ್ತರ ಹುಡುಕಿದರೆ ಸಿಗದು.

ಆರಿದ ಒಲೆಯ ಬೂದಿ ಕೆದಕಿ ಕೆಂಡ ಇದೆಯೇ ಎಂದು ನೋಡುವ ಕೆಲಸಕ್ಕಂತೂ ಯಾವ ಡ್ಯಾಶ್‌ಬೋರ್ಡಿನಲ್ಲೂ ಬಣ್ಣವಿಲ್ಲ. ಮುಂದಿನ ಬಜೆಟ್ ಸಭೆಯಲ್ಲಿ ಅದಕ್ಕೆ ಎರಡೇ ವಾರ ಕೇಳಿ ನೋಡಿ.