ಕಾಫಿ ಮಗ್ ಮೇಲಿನ ವಚನ

ಈ ಒಂದು ತಿಂಗಳಲ್ಲಿ ಒಂದೇ ಬೈಬಲ್ ವಚನ ನನಗೆ ಮೂರು ಸಲ ಉಡುಗೊರೆಯಾಗಿ ಬಂದಿದೆ. ಒಂದು ಕಾಫಿ ಮಗ್ ಮೇಲೆ, ಒಂದು ಮರದ ಫ್ರೇಮಿನಲ್ಲಿ, ಇನ್ನೊಂದು ಚಿಕ್ಕಮ್ಮ ವಾಟ್ಸಾಪ್‌ನಲ್ಲಿ ಕಳಿಸಿದ ಸೂರ್ಯೋದಯದ ಚಿತ್ರದ ಮೇಲೆ. ಯೆರೆಮೀಯನ ಗ್ರಂಥ, 29ನೇ ಅಧ್ಯಾಯ, 11ನೇ ವಚನ. ನಿನ್ನ ಮುಂದಿನ ದಿನಗಳ ಬಗ್ಗೆ ದೇವರು ಒಳ್ಳೇದನ್ನೇ ಯೋಚಿಸಿದ್ದಾನೆ, ಹೆದರಬೇಡ ಅನ್ನೋದು ಕೊಡುವವರ ಮನಸ್ಸಿನಲ್ಲಿರೋ ಅರ್ಥ. ಕ್ರೈಸ್ತರ ಮನೆಯಲ್ಲಿ ಯಾರಾದರೂ ಡಿಗ್ರಿ ಮುಗಿಸಿದರೆ ಈ ವಚನ ಬಂದೇ ಬರುತ್ತೆ, ನಿಮ್ಮ ಮನೆಗೆ ಸ್ವೀಟ್ ಬಾಕ್ಸ್ ಬರೋ ಹಾಗೆ. (ನಮ್ಮ ಮನೆಗೆ ಸ್ವೀಟ್ ಬಾಕ್ಸೂ ಬರುತ್ತೆ, ಅದರಲ್ಲಿ ಮೋಸ ಇಲ್ಲ.)

ಬೀಳ್ಕೊಡುಗೆ ಸಂಚಿಕೆಗೆ ಏನಾದರೂ ಬರಿ ಅಂತ ಕನ್ನಡ ಸಂಘದವರು ಕೇಳಿದಾಗ ಮೆಸ್ ಊಟದ ಬಗ್ಗೆ ಬರೆಯೋಣ ಅಂದ್ಕೊಂಡೆ. ಆದರೆ ಅದನ್ನು ಪ್ರತಿ ವರ್ಷ ಯಾರಾದರೂ ಬರೀತಾರೆ. ಎಂಟನೇ ಸೆಮ್‌ನಲ್ಲಿ ನಮ್ಮಂಥವರ ತಲೆಯಲ್ಲಿ ಏನು ನಡೆಯುತ್ತೆ ಅಂತ ಇಲ್ಲಿ ಯಾರೂ ಬರೆದದ್ದು ನಾನು ನೋಡಿಲ್ಲ. ಅದಕ್ಕೆ ಇದು.

ಕ್ಯಾಂಪಸ್ಸಿನಲ್ಲಿ ನಾವು ಬೆರಳೆಣಿಕೆಯಷ್ಟು ಜನ. ಶುಕ್ರವಾರ ಲ್ಯಾಬ್ ಮುಗಿದ ಮೇಲೆ ಲೈಬ್ರರಿ ಹಿಂದಿನ ಕಲ್ಲುಬೆಂಚಿನ ಹತ್ತಿರ ಏಳೆಂಟು ಮಂದಿ ಸೇರ್ತೀವಿ. ಸಿಎಸ್‌ಐ ಸಭೆಯವರು, ಮಂಗಳೂರಿನ ಕ್ಯಾಥೊಲಿಕರು, ಗಟ್ಟಿಯಾಗಿ ಹಾಡುವ ಪೆಂತೆಕೊಸ್ತಿನವನೊಬ್ಬ. ಒಂದು ಹಾಡು, ಸ್ವಲ್ಪ ಓದು, ಪ್ರಾರ್ಥನೆ, ಆಮೇಲೆ ಗೇಟ್ ಹೊರಗಿನ ಅಂಗಡಿಯಲ್ಲಿ ಚಹಾ. ಕಳೆದ ತಿಂಗಳು ಕೊನೆಯ ಸಲ ಸೇರಿದಾಗ ಫೈನಲ್ ಇಯರ್‌ನವರೆಲ್ಲ ಮುಂದೇನು ಅಂತ ಒಬ್ಬೊಬ್ಬರಾಗಿ ಹೇಳಬೇಕಿತ್ತು. ಆಫರ್ ಸಿಕ್ಕಿದವನು 'ದೇವರ ಚಿತ್ತ' ಅಂದ. ಸಿಗದವಳು 'ದೇವರ ಚಿತ್ತ ಇರಲಿಲ್ಲ ಅನ್ಸುತ್ತೆ' ಅಂದಳು. ಗೇಟ್ ಬರೆದವನು 'ದೇವರ ಚಿತ್ತ ಇದ್ರೆ ಎಂಟೆಕ್' ಅಂದ. ಹಳೇ ಪೌರಾಣಿಕ ಸಿನಿಮಾಗಳಲ್ಲಿ ಮಂತ್ರಿ ಕೈಕಟ್ಟಿಕೊಂಡು 'ಪ್ರಭುಗಳ ಚಿತ್ತ' ಅಂತಾನಲ್ಲ, ಅದೇ ಚಿತ್ತ. ನನ್ನ ಸರದಿ ಬಂದಾಗ 'ಪ್ರಾರ್ಥನೆ ಮಾಡ್ತಿದೀನಿ, ಇನ್ನೂ ಸ್ಪಷ್ಟ ಆಗಿಲ್ಲ' ಅಂದೆ.

ಅದು ಸುಳ್ಳು. ನನಗೆ ಎಲ್ಲಾ ಸ್ಪಷ್ಟ ಆಗಿತ್ತು.

ಪುಣೆಯಲ್ಲಿ ಒಂದು ಟೆಸ್ಟಿಂಗ್ ಕೆಲಸ ಸಿಕ್ಕಿದೆ. ಬರೀ ಕೋಡ್ ಅಲ್ಲ, ಬೋರ್ಡ್ ಮುಟ್ಟಿ ಮಾಡೋ ಕೆಲಸ. ಹತ್ತು ದಿನದೊಳಗೆ ಒಪ್ಪಿಗೆ ತಿಳಿಸಿ ಅಂತ ಮೇಲ್ ಬಂತು. ಮೇಲ್ ಓದಿದ ಐದು ನಿಮಿಷಕ್ಕೇ ಹೋಗೋದು ಅಂತ ನಾನು ನಿರ್ಧಾರ ಮಾಡಿಬಿಟ್ಟಿದ್ದೆ. ಹಾಸನಕ್ಕೆ ಫೋನ್ ಮಾಡಿದರೆ ಅಪ್ಪ, 'ಅಷ್ಟು ದೂರ ಯಾಕಮ್ಮಾ? ದೇವರ ಚಿತ್ತ ಇದ್ರೆ ಬೆಂಗಳೂರೇ ಸಿಗುತ್ತೆ' ಅಂದರು. ಆಗ 'ಅಪ್ಪಾ, ನಂಗೆ ಹೋಗೋಕೆ ಇಷ್ಟ ಇದೆ' ಅಂತ ಹೇಳೋ ಧೈರ್ಯ ಬರಲಿಲ್ಲ. ಅದರ ಬದಲು 'ಪ್ರಾರ್ಥನೆ ಮಾಡಿ ಹೇಳ್ತೀನಿ' ಅಂದೆ. ನಮ್ಮ ಮನೆಯಲ್ಲಿ ಆ ಮಾತಿಗೆ ಎದುರು ಮಾತಿಲ್ಲ. ಮಗಳು ಪ್ರಾರ್ಥನೆ ಮಾಡ್ತೀನಿ ಅಂದ್ರೆ ಬೇಡ ಅನ್ನೋ ಅಪ್ಪ ಯಾರಿದ್ದಾರೆ? ಹಾಗೆ ಎಂಟು ದಿನ ಅಪ್ಪ ದೇವರ ಹೆಸರಲ್ಲಿ ಬೇಡ ಅಂತಿದ್ದರು, ನಾನು ದೇವರ ಹೆಸರಲ್ಲಿ ಹೂಂ ಅನ್ನೋಕೆ ಕಾಯ್ತಿದ್ದೆ. ದುಡ್ಡಿನ ಬಗ್ಗೆ, ದೂರದ ಬಗ್ಗೆ, ಅಮ್ಮನ ಮಂಡಿನೋವಿನ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ.

ನನ್ನ ತಕರಾರು ಇಷ್ಟೇ. ನಮ್ಮ ನಂಬಿಕೆ ನಮಗೆ ದಾರಿ ತೋರಿಸುತ್ತೆ ಅಂತ ನಾನೂ ನಂಬ್ತೀನಿ. ಆದರೆ ಡಿಗ್ರಿ ಮುಗಿಸೋ ಹೊತ್ತಿಗೆ ನಾವು 'ದೇವರ ಚಿತ್ತ' ಅನ್ನೋ ಮಾತನ್ನು ನಮ್ಮ ಸಹಿ ಇರಬೇಕಾದ ಜಾಗದಲ್ಲಿ ಹಾಕ್ತಿದೀವಿ. ನಿರ್ಧಾರ ನಮ್ಮದು, ಸಹಿ ಆತನದ್ದು. ನಾಳೆ ಕೆಲಸ ಕೆಟ್ಟರೆ ಯಾರನ್ನು ಕೇಳೋದು? ಹಾಲ್ ಟಿಕೆಟ್ಟನ್ನು ಗಣಪತಿ ಮುಂದೆ ಇಟ್ಟು ಬರೋ ನನ್ನ ರೂಮ್‌ಮೇಟ್ ಈ ವಿಷಯದಲ್ಲಿ ನಮಗಿಂತ ವಾಸಿ. ಅವಳು ಹಾಲ್ ಟಿಕೆಟ್ ಇಟ್ಟು ಬಂದು ರಾತ್ರಿಯಿಡೀ ಕೂತು ಓದ್ತಾಳೆ. ಫೇಲ್ ಆದರೆ 'ನಾನು ಓದಿರಲಿಲ್ಲ' ಅಂತಾಳೆ.

ಗುರುತು ಕೇಳೋದು ನಮ್ಮಲ್ಲಿ ಇನ್ನೊಂದು ಚಟ. ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ಕೆಲವು ಸಭೆಗಳಲ್ಲಿ ತಟ್ಟೆಯಿಂದ ವಾಗ್ದಾನದ ಚೀಟಿ ಎತ್ತುತ್ತಾರೆ. ಅದರಲ್ಲಿ ಬಂದ ವಚನ ಆ ವರ್ಷಕ್ಕೆ ನಿನ್ನದು. ಅದರಲ್ಲಿ ತಪ್ಪೇನಿಲ್ಲ, ನಾನೂ ಎತ್ತುತ್ತೀನಿ. ಆದರೆ ನಮ್ಮ ಗುಂಪಿನ ಸಿವಿಲ್ ಹುಡುಗನೊಬ್ಬ ಎರಡು ಆಫರ್ ಇಟ್ಕೊಂಡು, ಯಾವುದು ಅಂತ ದೇವರು ಗುರುತು ಕೊಡಲಿ ಅಂತ ಕಾದ. ಒಂದರ ಕೊನೇ ದಿನ ಕಾಯ್ತಾ ಇರುವಾಗಲೇ ದಾಟಿಹೋಯ್ತು. 'ಅದೇ ಗುರುತು' ಅಂತ ಸಮಾಧಾನ ಮಾಡ್ಕೊಂಡ. ನಾನು ಅವನ ಮುಂದೆ ಏನೂ ಹೇಳಲಿಲ್ಲ, ಇಲ್ಲಿ ಹೇಳ್ತಿದೀನಿ: ಅದು ಗುರುತಲ್ಲ ಮಾರಾಯ, ಡೆಡ್‌ಲೈನ್.

ಗುರುತು ಕೇಳೋರೆಲ್ಲ ಗಿದ್ಯೋನನ ಹೆಸರು ಹೇಳ್ತಾರೆ. ಅವನ ಕಥೆ ನ್ಯಾಯಸ್ಥಾಪಕರು ಅನ್ನೋ ಪುಸ್ತಕದ ಆರನೇ ಅಧ್ಯಾಯದಲ್ಲಿದೆ. ಯುದ್ಧಕ್ಕೆ ಹೋಗಲೋ ಬೇಡವೋ ಅಂತ ಕಣದಲ್ಲಿ ಕುರಿಯ ಉಣ್ಣೆ ಹರಡಿ, ಉಣ್ಣೆ ಮಾತ್ರ ಮಂಜಿನಿಂದ ಒದ್ದೆಯಾಗಿ ನೆಲ ಒಣಗಿರಲಿ ಅಂತ ಕೇಳ್ತಾನೆ. ಬೆಳಗ್ಗೆ ಹಾಗೇ ಆಗಿರುತ್ತೆ. ಆದರೂ ಅನುಮಾನ. ಉಣ್ಣೆ ಹೇಗೂ ನೀರು ಹಿಡ್ಕೊಳ್ಳುತ್ತಲ್ಲ! ಮಾರನೇ ರಾತ್ರಿ ಉಲ್ಟಾ ಕೇಳ್ತಾನೆ: ಉಣ್ಣೆ ಒಣಗಿರಲಿ, ನೆಲ ಒದ್ದೆಯಾಗಲಿ. ಎಂಜಿನಿಯರಿಂಗ್ ಹುಡುಗರಿಗೆ ಇಷ್ಟವಾಗಬೇಕಾದ ಮನುಷ್ಯ. ಕಂಟ್ರೋಲ್ ಸಮೇತ ಎಕ್ಸ್‌ಪೆರಿಮೆಂಟ್ ರಿಪೀಟ್ ಮಾಡಿದ್ದಾನೆ. ಆದರೆ ನಾವು ಮರೆಯೋದು ಏನಂದ್ರೆ, ಹೋಗು ಅಂತ ಅವನಿಗೆ ಮೊದಲೇ ಹೇಳಿಯಾಗಿತ್ತು, ಜನವೂ ಅವನ ಹಿಂದೆ ಸೇರಿಯಾಗಿತ್ತು. ಅವನಿಗೆ ಗೊತ್ತಿಲ್ಲದೆ ಇದ್ದದ್ದು ಏನೂ ಇರಲಿಲ್ಲ. ಅವನಿಗೆ ಹೆದರಿಕೆ ಇತ್ತು, ಅಷ್ಟೇ. ನನ್ನ ಎಂಟು ದಿನದ ಪ್ರಾರ್ಥನೆಯೂ ಅಂಥದ್ದೇ ಒದ್ದೆ ಉಣ್ಣೆ.

ಈಗ ಮಗ್ ವಿಷಯಕ್ಕೆ ಬರ್ತೀನಿ. ಪರೀಕ್ಷೆಗೆ ಓದಬೇಕಾದ ರಾತ್ರಿ ಎಲ್ಲವೂ ಇಂಟರೆಸ್ಟಿಂಗ್ ಆಗಿ ಕಾಣುತ್ತಲ್ಲ, ಹಾಗೆ ಒಂದು ರಾತ್ರಿ ಯೆರೆಮೀಯ 29ನ್ನು ಮೊದಲಿಂದ ಓದಿದೆ. ಅದು ಒಂದು ಕಾಗದ. ಕ್ರಿ.ಪೂ. 597ರಲ್ಲಿ ಬಾಬೆಲಿನ ರಾಜ ನೆಬೂಕದ್ನೆಚ್ಚರ ಜೆರುಸಲೇಮಿನಿಂದ ರಾಜನನ್ನು, ಪ್ರಮುಖರನ್ನು, ಕುಶಲಕರ್ಮಿಗಳನ್ನು ಸೆರೆಹಿಡಿದು ತನ್ನ ದೇಶಕ್ಕೆ ಸಾಗಿಸಿದ. ಊರಲ್ಲೇ ಉಳಿದ ಪ್ರವಾದಿ ಯೆರೆಮೀಯ ಅವರಿಗೆ ಬರೆದ ಕಾಗದ ಅದು. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಅನ್ನೋ ಇನ್ನೊಬ್ಬ ಪ್ರವಾದಿ ಎಲ್ಲರಿಗೂ ಬೇಕಾದ ಮಾತನ್ನೇ ಹೇಳಿರ್ತಾನೆ: ಎರಡೇ ವರ್ಷ, ಆಮೇಲೆ ಎಲ್ಲರೂ ವಾಪಸ್. ನಮ್ಮ ಕಂಪನಿಗಳ ಬಾಂಡ್ ಇದ್ದ ಹಾಗೆ. ಯೆರೆಮೀಯ ಇಲ್ಲ ಅಂತಾನೆ. 70 ವರ್ಷ. ಅದಕ್ಕೆ ಅಲ್ಲೇ ಮನೆ ಕಟ್ಟಿ, ತೋಟ ಹಾಕಿ, ಬೆಳೆದದ್ದನ್ನು ತಿನ್ನಿ, ಮದುವೆ ಮಾಡ್ಕೊಳ್ಳಿ, ನಿಮ್ಮನ್ನು ಸೆರೆ ಒಯ್ದ ಆ ಊರಿನ ಒಳಿತಿಗಾಗಿಯೇ ಕೆಲಸ ಮಾಡಿ, ಅದಕ್ಕಾಗಿ ಪ್ರಾರ್ಥಿಸಿ ಅಂತ ಬರೀತಾನೆ. 70 ವರ್ಷದ ಮಾತು 10ನೇ ವಚನದಲ್ಲಿದೆ. ನಮ್ಮ ಮಗ್ ಶುರುವಾಗೋದು 11ರಿಂದ.

ಲೆಕ್ಕ ಹಾಕಿ. ಆ ಕಾಗದ ಓದಿಸಿ ಕೇಳಿದ ಇಪ್ಪತ್ತೆರಡು ವರ್ಷದ ಹುಡುಗಿಗೆ 70 ವರ್ಷ ಅಂದ್ರೆ ಏನು? ಅವಳು ವಾಪಸ್ ಬರೋಲ್ಲ ಅಂತ. ಒಳ್ಳೆಯ ಯೋಜನೆ ಇದೆ ನಿಜ, ಆದರೆ ಅದು ಅವಳ ಪ್ಯಾಕೇಜ್ ಬಗ್ಗೆ ಅಲ್ಲ, ಒಬ್ಬಳಿಗೆ ಹೇಳಿದ್ದೂ ಅಲ್ಲ. ಅವಳಿಗೆ ಸಿಕ್ಕ ಮಾರ್ಗದರ್ಶನ ತೋಟ ಹಾಕು ಅನ್ನೋದು. ಯಾವ ಊರು ಅಂತ ಆರಿಸೋಕೆ ಅವಳಿಗೆ ಅವಕಾಶವೇ ಇರಲಿಲ್ಲ. ಆ ಊರಲ್ಲಿ ಹೇಗಿರಬೇಕು ಅಂತ ಮಾತ್ರ ಕಾಗದದಲ್ಲಿದೆ. ಇದನ್ನು ಓದಿದ ಮೇಲೆ ಮಗ್ ಕೊಟ್ಟವರ ಮೇಲೆ ಕೋಪ ಬರಲಿಲ್ಲ. ಆದರೆ ಮುಂದಿನ ವರ್ಷ ಕೊಡೋರು 4ನೇ ವಚನದಿಂದ ಪ್ರಿಂಟ್ ಹಾಕಿಸಿ. ದೊಡ್ಡ ಮಗ್ ಬೇಕಾಗುತ್ತೆ, ಪರವಾಗಿಲ್ಲ.

ಈ ಅರ್ಧ ವಚನದಿಂದ ನೋವಾಗೋದು ಯಾರಿಗೆ ಅಂತಲೂ ನೋಡಬೇಕು. ಪ್ಲೇಸ್‌ಮೆಂಟ್ ಆದವರು ಭಾನುವಾರ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳ್ತಾರೆ, ಕೃತಜ್ಞತೆಯ ಕಾಣಿಕೆ ಹಾಕ್ತಾರೆ, ಎಲ್ಲರೂ ಆಮೆನ್ ಅಂತಾರೆ. ಸಿಗದವರು ಆ ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತು ಬೇಗ ಹೊರಡ್ತಾರೆ. ನಮ್ಮ ಗುಂಪಿನಲ್ಲಿ ಆಫರ್ ಸಿಗದ ಗೆಳತಿಗೆ ಯಾರೋ ದೊಡ್ಡವರು 'ದೇವರು ನಿನಗೆ ಇದಕ್ಕಿಂತ ಒಳ್ಳೇದನ್ನು ಇಟ್ಟಿದ್ದಾನೆ ಬಿಡಮ್ಮ' ಅಂದರಂತೆ. ಅವಳು ಹಾಸ್ಟೆಲ್ಲಿಗೆ ಬಂದು, 'ಹಾಗಾದ್ರೆ ನಿಂಗೆ ಕಮ್ಮೀದು ಇಟ್ಟಿದ್ನಾ?' ಅಂತ ಕೇಳಿದಳು. ನಾವಿಬ್ಬರೂ ನಕ್ಕೆವು. ಆಮೇಲೆ ಅವಳು ಅತ್ತಳು. ಹನ್ನೊಂದು ಕಂಪನಿಯ ಇಂಟರ್‌ವ್ಯೂ ಮುಗಿಸಿದವಳಿಗೆ ರೆಸ್ಯೂಮೆ ಒಂದು ಸಲ ನೋಡಿ ಕೊಡೋರು, ತಮ್ಮ ಆಫೀಸಿನಲ್ಲಿ ಒಂದು ಮಾತು ಕೇಳೋರು ಬೇಕಿತ್ತು. ಆ ಸಭೆಯಲ್ಲೇ ಐಟಿ ಕಂಪನಿಗಳಲ್ಲಿ ಇರೋರು ಎಷ್ಟು ಜನ! ಕೆಲಸ ಸಿಗದವರಿಗೂ ಎದ್ದು ನಿಂತು ನಾಲ್ಕು ಮಾತು ಹೇಳೋಕೆ ಒಂದು ಭಾನುವಾರ ಇದ್ದಿದ್ದರೆ ಅವರಲ್ಲಿ ಒಬ್ಬರಿಗಾದರೂ ಕೇಳಿಸ್ತಿತ್ತು.

ಹಾಗಾದರೆ ನಿರ್ಧಾರ ಮಾಡೋದು ಹೇಗೆ ಅಂತ ಚಹಾ ಅಂಗಡಿಯಲ್ಲಿ ಕೇಳಿದಾಗ ಮಂಗಳೂರಿನ ಗೆಳೆಯ ಸಂತ ಇಗ್ನೇಷಿಯಸ್ ಲೊಯೋಲಾ ಬಗ್ಗೆ ಹೇಳಿದ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು 1880ರಲ್ಲಿ ಶುರು ಮಾಡಿದ ಜೆಸ್ವಿತರ ಮೂಲಪುರುಷ. ಸ್ಪೇನ್‌ನ ಸಿಪಾಯಿ, 1521ರಲ್ಲಿ ಫಿರಂಗಿ ಗುಂಡು ಬಿದ್ದು ಕಾಲು ಮುರಿದು ಹಾಸಿಗೆ ಹಿಡಿದಾಗ ಬದುಕಿನ ದಿಕ್ಕು ತಿರುಗಿದ್ದು. 1548ರಲ್ಲಿ ಅಚ್ಚಾದ ಅವರ ಧ್ಯಾನದ ಕೈಪಿಡಿಯಲ್ಲಿ ಆಯ್ಕೆ ಮಾಡೋ ವಿಧಾನ ಇದೆ, ನಮ್ಮ ಲ್ಯಾಬ್ ಮ್ಯಾನುಯಲ್‌ಗಿಂತ ನೀಟಾಗಿ. ಮೊದಲು ತಕ್ಕಡಿಯ ಮುಳ್ಳಿನ ಹಾಗೆ ಮನಸ್ಸನ್ನು ನಡುವೆ ನಿಲ್ಲಿಸಬೇಕು, ಅಂದರೆ ಅಳೆಯೋ ಮುಂಚೆ ಮೀಟರ್ ಸೊನ್ನೆ ತೋರಿಸ್ತಿದೆಯಾ ನೋಡೋದು. ಆಮೇಲೆ ಲಾಭ ನಷ್ಟ ಎರಡನ್ನೂ ಎಣಿಸಬೇಕು. ಇನ್ನೂ ಗೊತ್ತಾಗದಿದ್ದರೆ, ಎಂದೂ ನೋಡಿರದ ಒಬ್ಬ ಮನುಷ್ಯ ಇದೇ ಪ್ರಶ್ನೆ ತಂದು ಮುಂದೆ ನಿಂತರೆ ಅವನಿಗೆ ಏನು ಹೇಳ್ತೀನಿ ಅಂತ ಯೋಚಿಸಬೇಕು. ದೇವರ ಮುಂದೆ ಕೂತು ತಲೆ ಓಡಿಸೋದೂ ಪ್ರಾರ್ಥನೆಯೇ ಅಂತ ನನಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ.

ಆ ರಾತ್ರಿ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದೆ. ನನ್ನ ಮೀಟರ್ ಸೊನ್ನೆಯಲ್ಲಿ ಇರಲೇ ಇಲ್ಲ. ಪುಣೆಯ ಕಡೆ ಪೂರ್ತಿ ವಾಲಿತ್ತು, ಯಾಕಂದ್ರೆ ಅದು ಮನೆಯಿಂದ ದೂರ. ಕೆಲಸವೂ ಚೆನ್ನಾಗಿದೆ ಅನ್ನೋದು ಎರಡನೇ ಕಾರಣ. ಇದು ನನಗೆ ನನ್ನ ಬಗ್ಗೆ ಗೊತ್ತಿರಲಿಲ್ಲ.

ಕನ್ನಡ ಸಂಘದ ಪತ್ರಿಕೆ ಆದ್ದರಿಂದ ಕಿಟೆಲ್ ಹೆಸರು ಹೇಳದೆ ಮುಗಿಸೋಕಾಗಲ್ಲ. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ ಕಡೆಯಿಂದ ಇಲ್ಲಿಗೆ ಬಂದಾಗ ಅವರಿಗೆ ಹೆಚ್ಚುಕಮ್ಮಿ ನಮ್ಮದೇ ವಯಸ್ಸು. ಕಳಿಸಿದವರ ಯೋಜನೆ ಧರ್ಮಪ್ರಚಾರ. ಬಂದವರು ಕೇಶಿರಾಜನ ಶಬ್ದಮಣಿದರ್ಪಣ, ನಾಗವರ್ಮನ ಛಂದೋಂಬುಧಿ ಎಲ್ಲ ಓದಿ, ಸಂಪಾದಿಸಿ, ಕೊನೆಗೆ 1894ರಲ್ಲಿ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ತಂದರು. ಅಷ್ಟು ಹೊತ್ತಿಗೆ ಅವರಿಗೆ ಅರವತ್ತು ದಾಟಿತ್ತು. ಇಪ್ಪತ್ತೊಂದರ ವಯಸ್ಸಲ್ಲಿ ಯಾವ ತಟ್ಟೆಯ ಯಾವ ಚೀಟಿಯಲ್ಲೂ ಆ ನಿಘಂಟು ಬಂದಿರೋಕೆ ಸಾಧ್ಯ ಇಲ್ಲ. ಬಂದ ಊರಿನ ಮಾತು ಕಲಿಯೋಕೆ ಕೂತರು, ಎದ್ದಿದ್ದು ನಲವತ್ತು ವರ್ಷದ ಮೇಲೆ.

ಒಂಬತ್ತನೇ ದಿನ ಅಪ್ಪನಿಗೆ ಫೋನ್ ಮಾಡಿ ದೇವರನ್ನು ಮಧ್ಯೆ ತರದೆ ಮಾತಾಡಿದೆ. ನಂಗೆ ಹೋಗಬೇಕು ಅಂತಿದೆ, ದೂರ ಇರಬೇಕು ಅಂತಲೂ ಇದೆ, ಅಮ್ಮನ ಆಪರೇಷನ್ ಗೊತ್ತಾದರೆ ರಜೆ ಹಾಕಿ ಬರ್ತೀನಿ, ತಿಂಗಳಿಗೆ ಇಷ್ಟು ಕಳಿಸ್ತೀನಿ ಅಂದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಡಿಪೋದಲ್ಲಿ ಯಾವುದೋ ಬಸ್ ರಿವರ್ಸ್ ಹೋಗೋ ಸದ್ದು ಕೇಳಿಸ್ತಿತ್ತು. ಆಮೇಲೆ, 'ನಂಗೆ ಭಯ ಕಣಮ್ಮ, ಅಷ್ಟೇ' ಅಂದರು. ಇಷ್ಟು ವರ್ಷದಲ್ಲಿ ಅಪ್ಪ ನನ್ನ ಹತ್ತಿರ ಭಯ ಅನ್ನೋ ಪದ ಹೇಳಿದ್ದು ಅದೇ ಮೊದಲು.

ಅವರು ಇನ್ನೂ ಪೂರ್ತಿ ಒಪ್ಪಿಲ್ಲ. ಮೇಲ್ ಅಂತೂ ಕಳಿಸಿಯಾಗಿದೆ, ಜುಲೈಗೆ ಜಾಯಿನಿಂಗ್. ರೂಮ್‌ಮೇಟ್ ಕೊಟ್ಟ ಮರಾಠಿ ಕಲಿಯೋ ಪುಸ್ತಕದಲ್ಲಿ ಮೂರನೇ ಪಾಠಕ್ಕೆ ಬಂದಿದ್ದೀನಿ. ತರಕಾರಿ ಹೆಸರುಗಳು.