ಸಂತೆಯ ಕೊಸರಿಗೆ ನಮ್ಮದೂ ಒಂದು ಹಿಡಿ



ನಮ್ಮ ಕೋಲಾರ ಜಿಲ್ಲೆಯ ಸಂತೆಗಳಲ್ಲಿ ಕೊಸರು ಎಂಬ ಚೆಂದದ ಪದ್ಧತಿಯೊಂದಿದೆ. ತೂಕ ಮುಗಿದ ಮೇಲೆ ತರಕಾರಿ ಮಾರುವ ಅಕ್ಕ ಎರಡು ಬದನೆಕಾಯಿ, ನಾಲ್ಕು ಹಸಿಮೆಣಸಿನಕಾಯಿ, ಒಂದಿಷ್ಟು ಕೊತ್ತಂಬರಿ ಸೊಪ್ಪನ್ನು ನಮ್ಮ ಚೀಲಕ್ಕೆ ಹಾಕುತ್ತಾಳೆ. ಅದಕ್ಕೆ ಬೆಲೆ ಕಟ್ಟುವವರಿಲ್ಲ, ಅದನ್ನು ಪಡೆದು ತಲೆ ತಗ್ಗಿಸುವವರೂ ಇಲ್ಲ. ಆ ಕೊಸರನ್ನು ನಾವೆಲ್ಲ ಸೇರಿ ಕೊಂಚ ದೊಡ್ಡದು ಮಾಡೋಣ ಎಂದು ಕೇಳಿಕೊಳ್ಳಲು ಈ ಮಾತು ಬರೆಯುತ್ತಿದ್ದೇನೆ.

ಕತ್ತಲಾಗುವ ಹೊತ್ತಿಗೆ ಒಮ್ಮೆ ಸಂತೆಗೆ ಹೋಗಿ ನೋಡಿ. ಬೆಳಿಗ್ಗೆ ನಾವು ಆರಿಸಿ ಬಿಟ್ಟ ಮೆತ್ತಗಿನ ಟೊಮೆಟೊ ಗುಡ್ಡೆಗಳ ಮುಂದೆ, ಬಾಡಿದ ಸೊಪ್ಪಿನ ಕಟ್ಟುಗಳ ಮುಂದೆ, ಕೂಲಿ ಮುಗಿಸಿ ಬಂದ ಹೆಣ್ಣುಮಕ್ಕಳು ನಿಂತಿರುತ್ತಾರೆ. ಅವರಲ್ಲಿ ಕೆಲವರು ಹಗಲೆಲ್ಲ ಬೇರೆಯವರ ತೋಟದಲ್ಲಿ ಟೊಮೆಟೊ ಕಿತ್ತು ಬಾಕ್ಸ್ ತುಂಬಿ ಬಂದವರು. ಬೆಳಿಗ್ಗೆ ಕೈಯಲ್ಲಿ ಕಾಸಿಲ್ಲ, ಸಂಜೆ ಕಾಸು ಬಂದಾಗ ತಾಜಾ ತರಕಾರಿ ಇಲ್ಲ.

2013ರಲ್ಲಿ ಶುರುವಾದ ಅನ್ನಭಾಗ್ಯ ಪಡಿತರ ಯೋಜನೆ ಬಡವರ ಮನೆಯ ಹಸಿವನ್ನು ತಗ್ಗಿಸಿದೆ. ಆದರೆ ಸೊಪ್ಪು, ತರಕಾರಿ ಗೋದಾಮಿನಲ್ಲಿ ತಿಂಗಳುಗಟ್ಟಲೆ ನಿಲ್ಲುವ ವಸ್ತುವಲ್ಲ, ಪಡಿತರದ ಚೀಲದಲ್ಲಿ ಬರುವುದಿಲ್ಲ. ಮುದ್ದೆ ಉಂಟು, ಬಸ್ಸಾರಿಗೆ ಸೊಪ್ಪಿಲ್ಲ. ಇದರ ಗುರುತು ಮೈಮೇಲೆ ಕಾಣುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಂತೂ ನೂರಕ್ಕೆ 65ಕ್ಕೂ ಹೆಚ್ಚು. ಸೊಪ್ಪೊಂದೇ ಇದಕ್ಕೆ ಮದ್ದಲ್ಲ, ನಿಜ. ಆದರೆ ಸೊಪ್ಪು, ಕಾಳು, ಮೇಲೊಂದು ಹೋಳು ನಿಂಬೆ ಇಲ್ಲದ ತಟ್ಟೆಯಿಂದ ರಕ್ತ ಹೆಚ್ಚುವುದು ಕಷ್ಟ.

ಲೆಕ್ಕ ಹಾಕಿ ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೇಳಿದ್ದು, ದೊಡ್ಡವರೊಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಬೇಕು. ನಾಲ್ವರು ದೊಡ್ಡವರ ಮನೆಗೆ ವಾರಕ್ಕೆ 14 ಕಿಲೋ ಆಯಿತು. ಕಿಲೋಗೆ 40 ರೂಪಾಯಿ ಎಂದು ಹಿಡಿದರೂ 560 ರೂಪಾಯಿ. ಕೂಲಿಯ ಮನೆಯಲ್ಲಿ ಬಾಡಿಗೆ, ಸಾಲದ ಕಂತು, ಔಷಧಿಗೆ ಕೊಟ್ಟು ಉಳಿದದ್ದರಲ್ಲಿ ಮೊದಲು ಕತ್ತರಿ ಬೀಳುವುದು ತರಕಾರಿಗೇ.

ಇತ್ತ ಬೆಳೆಗಾರನ ಪಾಡೇನು? 2023ರ ಜುಲೈನಲ್ಲಿ ನಮ್ಮ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಬೆಲೆ ಬಿದ್ದ ಕಾಲದಲ್ಲಿ ಕಿತ್ತ ಕೂಲಿಯೂ ಹುಟ್ಟದೆ ಅದೇ ಟೊಮೆಟೊವನ್ನು ರಸ್ತೆ ಬದಿಗೆ ಸುರಿದು ಮನೆಗೆ ಹೋದವರನ್ನೂ ಕಂಡಿದ್ದೇವೆ. ಅದಕ್ಕೇ ಬಡವರಿಗೆ ನೆರವಾಗಲು ರೈತನ ಬೆಲೆ ಇಳಿಸಬೇಕೆಂದು ನಾನು ಕೇಳುತ್ತಿಲ್ಲ. ರೈತನಿಗೆ ಪೂರ್ತಿ ಬೆಲೆ ಸಿಗಲಿ, ಕೊರತೆ ಬೀಳುವುದನ್ನು ಊರು ತುಂಬಲಿ.

ಇದು ಆಗದ ಮಾತಲ್ಲ. ಅಮೆರಿಕದ ಡೆಟ್ರಾಯಿಟ್ ನಗರದ ರೈತ ಸಂತೆಗಳಲ್ಲಿ 2009ರಿಂದ ಇಂಥದೊಂದು ಏರ್ಪಾಡು ನಡೆದುಬಂದಿದೆ. ಸರ್ಕಾರದ ಆಹಾರ ನೆರವು ಪಡೆಯುವ ಕುಟುಂಬ ಸಂತೆಯಲ್ಲಿ ಒಂದು ಡಾಲರ್ ಖರ್ಚು ಮಾಡಿದರೆ, ಹಣ್ಣು ತರಕಾರಿಗೆಂದೇ ಇನ್ನೊಂದು ಡಾಲರ್ ಸಿಗುತ್ತದೆ. ಅಲ್ಲಿ ಹುಟ್ಟಿದ ಯೋಜನೆ ಹಲವು ರಾಜ್ಯಗಳಿಗೆ ಹಬ್ಬಿದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಅದು ಊರೇ ಹಾಕುವ ಕೊಸರು.

ನಮ್ಮಲ್ಲಿ ಹೀಗೆ ಮಾಡಬಹುದು. ಸಂತೆಯ ಬಾಗಿಲಲ್ಲಿ ಒಂದು ಮೇಜು. ನೆರವು ಬೇಕಾದ ಕುಟುಂಬದವರು ವಾರಕ್ಕೊಮ್ಮೆ 100 ರೂಪಾಯಿ ಕೊಟ್ಟು 200 ರೂಪಾಯಿಯ ಚೀಟಿ ಪಡೆಯುತ್ತಾರೆ. ತಾವೇ ಬೆಳೆದು ತಂದು ಮಾರುವ ರೈತರ ಬಳಿ ಸೊಪ್ಪು, ತರಕಾರಿ, ಹಣ್ಣಿಗೆ ಮಾತ್ರ ಆ ಚೀಟಿ ನಡೆಯುತ್ತದೆ. ರೈತ ಅದನ್ನು ಅದೇ ಸಂಜೆ ನಗದು ಮಾಡಿಕೊಳ್ಳಬೇಕು, ಏಕೆಂದರೆ ಟೆಂಪೊ ಬಾಡಿಗೆ ನಾಳೆಗೆ ಕಾಯುವುದಿಲ್ಲ. ಒಂದು ಮನೆಗೆ ನಾಲ್ಕು ವಾರಕ್ಕೆ ಊರು ಸೇರಿಸಬೇಕಾದದ್ದು 400 ರೂಪಾಯಿ. ತಿಂಗಳಿಗೆ 100 ರೂಪಾಯಿ ಕೊಡುವ 100 ಜನ ಸೇರಿದರೆ 25 ಮನೆಗಳಿಗಾಯಿತು.

ಇದನ್ನು ಸರ್ಕಾರವೇ ಮಾಡಲಿ ಎನ್ನುವವರಿದ್ದಾರೆ. ಮಾಡಲಿ, ಅದನ್ನೂ ಒತ್ತಾಯಿಸೋಣ. ಆದರೆ ಬೆಳೆಯುವ ಮಗುವಿನ ಮೂಳೆ, ರಕ್ತ ಆದೇಶ ಬರುವವರೆಗೆ ಕಾಯುವುದಿಲ್ಲ.

ಆದ್ದರಿಂದ ಕೈಮುಗಿದು ಕೇಳುತ್ತೇನೆ. ಸಂಬಳದವರೇ, ವ್ಯಾಪಾರಿಗಳೇ, ತಿಂಗಳಿಗೆ ನೂರು ರೂಪಾಯಿ ಎತ್ತಿಡಿ. ಯಾವ ಮನೆಗೆ ನಿಜವಾಗಿ ಬೇಕೆಂದು ಬಲ್ಲ ಅಂಗನವಾಡಿ, ಆಶಾ ಕಾರ್ಯಕರ್ತೆಯರೇ, ದಾರಿ ತೋರಿಸಿ. ಕಾಲೇಜಿನ ಮಕ್ಕಳೇ, ವಾರಕ್ಕೊಂದು ದಿನ ಆ ಮೇಜಿನ ಹಿಂದೆ ಕುಳಿತು ಲೆಕ್ಕ ಬರೆಯಿರಿ, ತಿಂಗಳ ಕೊನೆಗೆ ಆ ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಅಂಟಿಸಿ. ಪಂಚಾಯಿತಿ ಸದಸ್ಯರೇ, ಚೀಟಿಗೆ ಮಾರುವ ರೈತರಿಂದ ಸಂತೆ ಸುಂಕ ಬೇಡ ಎಂದು ನಿರ್ಣಯ ಮಾಡಿ. ಒಂದೇ ಶರತ್ತು: ಚೀಟಿ ಪಡೆದವರ ಫೋಟೊ ಯಾರೂ ತೆಗೆಯಬಾರದು, ಹೆಸರು ಯಾರೂ ಕೂಗಬಾರದು.

ಆಗ ಕೂಲಿಯ ತಾಯಿಯೂ ನಮ್ಮಂತೆಯೇ ಗುಡ್ಡೆಯ ಮುಂದೆ ಕುಳಿತು, ದಂಟು ಎಳೆಯದೋ ಬಲಿತದ್ದೋ ಎಂದು ಮುರಿದು ನೋಡಿ, ಬೇಕಾದ್ದನ್ನು ಆರಿಸಿಕೊಳ್ಳುತ್ತಾಳೆ. ಮಾರುವ ಅಕ್ಕ ಎಂದಿನಂತೆ ಅವಳ ಚೀಲಕ್ಕೂ ಒಂದು ಹಿಡಿ ಕೊಸರು ಹಾಕುತ್ತಾಳೆ. ಮುಂದಿನ ಸಂತೆಗೇ ಆ ಮೇಜು ಹಾಕೋಣ, ಬನ್ನಿ.