ಜನಾಝಾಕ್ಕೆ ಬರುವವರು ರೋಗಿಯ ಬಳಿಗೆ ಏಕೆ ಬರುವುದಿಲ್ಲ?

ಒಬ್ಬ ಮುಸ್ಲಿಮನಿಗೆ ಇನ್ನೊಬ್ಬ ಮುಸ್ಲಿಮನ ಮೇಲೆ ಆರು ಹಕ್ಕುಗಳಿವೆಯೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿರುವ ಆ ಹದೀಸ್‌ನಲ್ಲಿ ರೋಗಿಯ ಸಂದರ್ಶನ ಮತ್ತು ಜನಾಝಾವನ್ನು ಹಿಂಬಾಲಿಸುವುದು ಅಕ್ಕಪಕ್ಕದಲ್ಲಿಯೇ ಇವೆ. ನಾವು ಎರಡನೆಯದನ್ನು ಕರ್ತವ್ಯವೆಂದು ಉಳಿಸಿಕೊಂಡು, ಮೊದಲನೆಯದನ್ನು ಪುರುಸೊತ್ತಿದ್ದವರ ಸೌಜನ್ಯವಾಗಿ ಮಾಡಿಬಿಟ್ಟಿದ್ದೇವೆ. ಪಾಂಡವಪುರದಲ್ಲಾಗಲಿ ನಾಗಮಂಗಲದಲ್ಲಾಗಲಿ ಮರಣದ ಸುದ್ದಿ ಬಂದರೆ ಅಂಗಡಿ ಮುಚ್ಚಿ ಬರುತ್ತೇವೆ. ಅದೇ ವ್ಯಕ್ತಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದಾಗ ನಮ್ಮಲ್ಲಿ ಎಷ್ಟು ಮಂದಿ ಆ ಮನೆಯ ಹೊಸ್ತಿಲು ತುಳಿದಿದ್ದೆವು? ಮಯ್ಯಿತ್‌ಗೆ ನಮ್ಮ ಸಲಾಮ್ ಬೇಕು, ಸರಿ. ಉತ್ತರಿಸಲು ನಾಲಗೆ ಇದ್ದಾಗ ಅವನಿಗೆ ಅದು ಬೇಕಿರಲಿಲ್ಲವೇ?

ಅಂತ್ಯದಿನದಂದು ಅಲ್ಲಾಹನು ಮನುಷ್ಯನನ್ನು ವಿಚಾರಿಸುವ ಹದೀಸ್ ಕೂಡಾ ಅದೇ ಗ್ರಂಥದಲ್ಲಿದೆ. ರೋಗಿಯನ್ನು ಸಂದರ್ಶಿಸದವನಿಗೂ, ಹಸಿದವನಿಗೆ ಉಣಿಸದವನಿಗೂ, ಬಾಯಾರಿದವನಿಗೆ ನೀರು ಕೊಡದವನಿಗೂ ಅಲ್ಲಿ ಪ್ರಶ್ನೆಯಿದೆ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಉಣಿಸಿದ್ದರೆ, ನೀರು ಕೊಟ್ಟಿದ್ದರೆ ಅದರ ಪ್ರತಿಫಲವು ತನ್ನ ಬಳಿ ಸಿಗುತ್ತಿತ್ತೆಂದು ಅಲ್ಲಾಹನು ಹೇಳುವನು. ರೋಗಿಯ ವಿಷಯದಲ್ಲಿ ಮಾತ್ರ, ಅವನ ಬಳಿ ತನ್ನನ್ನೇ ಕಾಣುತ್ತಿದ್ದೆಯೆಂದು ಹೇಳುವನು. ಇದನ್ನು ಓದಿಯೂ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು 'ಆಮೀನ್' ಒತ್ತಿ ಹಕ್ಕು ತೀರಿತೆಂದು ಭಾವಿಸುವವರಿಗೆ ಏನು ಹೇಳೋಣ?

ದೂರದ ನೆಪವೊಂದಿದೆ. ರೋಗಿಯನ್ನು ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಜಯದೇವಕ್ಕೋ ಸೇರಿಸಿದ್ದಾರೆ, ಅಷ್ಟು ದೂರ ಹೋಗುವುದು ಹೇಗೆ ಎನ್ನುತ್ತಾರೆ. ಮದುವೆಯ ಜವಳಿಗೆ ಇದೇ ಮೈಸೂರು ದೂರವಾಗುವುದಿಲ್ಲ! ಬಿಡುವಿಲ್ಲವೆಂಬುದು ಇನ್ನೊಂದು ನೆಪ. ವಿದಾಯ ಹಜ್ಜ್‌ನ ಸಮಯದಲ್ಲಿ ಅಷ್ಟು ದೊಡ್ಡ ಜನಸಮೂಹದ ಹೊಣೆ ಹೊತ್ತಿದ್ದ ಪ್ರವಾದಿಯವರು(ಸ), ರೋಗಪೀಡಿತರಾಗಿದ್ದ ಸಅದ್ ಬಿನ್ ಅಬೀ ವಕ್ಕಾಸ್‌ರ(ರ) ಬಳಿಗೆ ಹೋಗಿ, ಅವರ ವಸಿಯ್ಯತ್‌ನ ಚಿಂತೆಯನ್ನು ಆಲಿಸಿ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇಡವೆಂದು ಸಲಹೆಯನ್ನೂ ನೀಡಿದರು. ನಮ್ಮ ಬಿಡುವು ಅದಕ್ಕಿಂತ ದುಬಾರಿಯೇ?

ಎಲ್ಲಕ್ಕಿಂತ ಹೆಚ್ಚು ಅನ್ಯಾಯವಾಗುತ್ತಿರುವುದು ದೀರ್ಘಕಾಲದ ರೋಗಿಗಳಿಗೆ. ಶಸ್ತ್ರಚಿಕಿತ್ಸೆಯಾದವನ ಮನೆಗೆ ಮೊದಲ ವಾರ ಹಣ್ಣಿನ ಚೀಲಗಳು ಬರುತ್ತವೆ. ಕಿಡ್ನಿ ಕೆಟ್ಟವನು ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಬೇಕು. ಅದು ವರ್ಷಗಟ್ಟಲೆ ನಡೆಯುತ್ತದೆ. ಮೂರನೆಯ ತಿಂಗಳಿಗೆ ಅವನ ಸುದ್ದಿ ನಮಗೆ ಹಳೆಯದಾಗುತ್ತದೆ. ಪಾರ್ಶ್ವವಾಯು ಬಡಿದ ವೃದ್ಧೆಯನ್ನು, ಮನಸ್ಸು ಕೆಟ್ಟು ಕೋಣೆ ಸೇರಿದ ಯುವಕನನ್ನು ಕೇಳುವವರೇ ಇಲ್ಲ. ಎರಡನೆಯದನ್ನು ಮನೆಯವರು ಮುಚ್ಚಿಡುತ್ತಾರೆ, ಏಕೆಂದರೆ ನಮ್ಮ ನಾಲಗೆಯ ಭಯ ಅವರಿಗಿದೆ.

ಇನ್ನು ನೆರೆಯವರು. ಸೇವೆ ಮಾಡುತ್ತಿದ್ದ ಯಹೂದಿ ಬಾಲಕ ಕಾಯಿಲೆ ಬಿದ್ದಾಗ ಪ್ರವಾದಿಯವರು(ಸ) ಅವನ ಮನೆಗೇ ಹೋಗಿ ತಲೆಯ ಬಳಿ ಕುಳಿತರೆಂದು ಬುಖಾರಿಯಲ್ಲಿದೆ. ಆ ಬಾಲಕನು ಆಗ ಇನ್ನೂ ಇಸ್ಲಾಮ್ ಸ್ವೀಕರಿಸಿರಲಿಲ್ಲ. ಹಾಗಿರುವಾಗ ಪಕ್ಕದ ಮನೆಯ ಗೌಡರು ಆಸ್ಪತ್ರೆಯಲ್ಲಿದ್ದರೆ 'ಅದು ಅವರ ಕಡೆಯವರ ಕೆಲಸ' ಎನ್ನುವುದನ್ನು ನಾವು ಎಲ್ಲಿಂದ ಕಲಿತೆವು?

ಹೋಗುವವರಲ್ಲೂ ಕೆಲವರು ಹೋಗದಿದ್ದರೇ ಒಳಿತಿತ್ತು. ಇದೇ ಕಾಯಿಲೆಯಿಂದ ಸತ್ತವರ ಕಥೆ ಹೇಳುತ್ತಾರೆ, ಡಾಕ್ಟರನ್ನು ಬದಲಿಸಲು ಒತ್ತಾಯಿಸುತ್ತಾರೆ, ಮಂಚದ ಮೇಲೆಯೇ ಕುಳಿತು ಫೋಟೋ ತೆಗೆಯುತ್ತಾರೆ. ಪ್ರವಾದಿಯವರು(ಸ) ಜ್ವರದಲ್ಲಿದ್ದ ಗ್ರಾಮೀಣ ಅರಬನಿಗೆ, ಚಿಂತಿಸಬೇಡ, ಅಲ್ಲಾಹನಿಚ್ಛಿಸಿದರೆ ಇದು ಶುದ್ಧೀಕರಣವೆಂದು ಸಾಂತ್ವನ ಹೇಳಿದರು. ಅಷ್ಟು ಸಾಕು.

ನಮ್ಮ ಮಸೀದಿಗಳ ಆಡಳಿತ ಸಮಿತಿಗಳಿಗೆ ಒಂದು ಬೇಡಿಕೆ. ಜುಮುಅದಂದು ಕಟ್ಟಡದ ಚಂದಾದ ಪ್ರಕಟಣೆಗೆ ಮುನ್ನ, ಮನೆಯವರ ಒಪ್ಪಿಗೆ ಪಡೆದು, ಜಮಾಅತ್‌ನ ರೋಗಿಗಳ ಹೆಸರು ಮತ್ತು ಅವರಿರುವ ಸ್ಥಳವನ್ನು ಓದಿ ಹೇಳಲಿ. ಯಾವ ದಿನ ಯಾರು ಹೋಗುವರೆಂದು ಅಲ್ಲಿಯೇ ಗೊತ್ತುಪಡಿಸಲಿ. ಹೋಗುವ ಸಹೋದರಿಯರು ಊಟದ ಡಬ್ಬಿ ಒಯ್ದು, ವಾರ್ಡಿನ ನೆಲದ ಮೇಲೆ ಹತ್ತು ರಾತ್ರಿ ಕಳೆದ ರೋಗಿಯ ಹೆಂಡತಿಯನ್ನು ಎರಡು ಗಂಟೆ ಮಲಗಲು ಕಳುಹಿಸಿ, ಅಲ್ಲಿ ತಾವು ಕುಳಿತುಕೊಳ್ಳಲಿ.